ತಿಪ್ಪೇಶನನ್ನು ಕೂರಿಸಿದ್ದು

ಸಣ್ಣಬೀರಪ್ಪ ಒಂದು ತೋಳನ್ನು ಹೆಣದ ಬಲಮೊಣಕಾಲಿನ ಅಡಿಗೆ ತೂರಿಸಿ, ಇನ್ನೊಂದು ಕೈಯಲ್ಲಿ ಹಿಮ್ಮಡಿ ಹಿಡಿದು, ಉಸಿರು ಕಟ್ಟಿ ಒಳಕ್ಕೆ ನೂಕಿದ. ಕಾಲು ಮಡಚಲಿಲ್ಲ. ಹೆಣವೇ ಜಮಖಾನದ ಮೇಲೆ ಗೇಣುದ್ದ ಹಿಂದಕ್ಕೆ ಸರಿಯಿತು.

"ಭುಜ ಗಟ್ಟಿ ಹಿಡ್ಕಳಪ್ಪೋ ಸಾಬಣ್ಣ! ನಾನಿಲ್ಲಿ ಬೆವರು ಸುರಿಸ್ತೀನಿ, ನೀನು ಫೋಟೊಕ್ಕೆ ಕೂತೋನಂಗೆ ಕೂತೀಯಲ್ಲ!"

ತಲೆಯ ಕಡೆ ಕೂತಿದ್ದ ಮುನಾಫ್ ಸತ್ತವನ ಎರಡೂ ಭುಜಗಳನ್ನು ತಬ್ಬಿಕೊಂಡ. ತಿಪ್ಪೇಶನೂ ಅವನೂ ದಾವಣಗೆರೆಯ ಒಂದೇ ಪಾರ್ಸಲ್ ಕಂಪನಿಯಲ್ಲಿ ವ್ಯಾನು ಓಡಿಸುತ್ತಿದ್ದವರು. ಇವತ್ತು ಮುನಾಫ್ ಯಾರಿಗೂ ಹೇಳದೆ ಕೆಲಸ ತಪ್ಪಿಸಿ ಹರಿಹರಕ್ಕೆ ಬಂದಿದ್ದ. ಕಂಪನಿಯ ಅಂಗಿಯನ್ನು ತಿರುವಿ ಹಾಕಿಕೊಂಡಿದ್ದರಿಂದ ಎದೆಯ ಮೇಲಿನ ಹೆಸರು ಒಳಗಾಗಿ, ಹೊಲಿಗೆಯ ದಾರಗಳು ಹೊರಗೆ ಕಾಣುತ್ತಿದ್ದವು.

ಗೋಡೆಗೆ ಒರಗಿ ಕೂತಿದ್ದ ಭಾಗ್ಯಲಕ್ಷ್ಮಿ ಗಂಡನ ಮುಖ ನೋಡುತ್ತಿರಲಿಲ್ಲ. ಅವಳ ಕಣ್ಣು ಆ ಮೊಣಕಾಲಿನ ಮೇಲೆಯೇ ಇತ್ತು. ಮಗಳು ಕೀರ್ತನಾ ಅಮ್ಮನ ತೊಡೆಯ ಮೇಲೆ ಮುಖ ಹುದುಗಿಸಿದ್ದಳು.

ಅವರ ಮನೆತನದಲ್ಲಿ ಸತ್ತವರನ್ನು ಮಲಗಿಸಿ ಮಣ್ಣು ಮಾಡುವುದಿಲ್ಲ. ಅಂಗೈಯಲ್ಲಿ ಲಿಂಗವಿಟ್ಟು, ಕಾಲು ಮಡಚಿ, ಪೂಜೆಗೆ ಕೂತವರ ಹಾಗೆ ಕೂರಿಸುತ್ತಾರೆ. ಗುಂಡಿಯೂ ಆ ಅಳತೆಗೇ ಇರುತ್ತದೆ. ಹೊಳೆದಂಡೆಯ ರುದ್ರಭೂಮಿಯಲ್ಲಿ ಸಣ್ಣಬೀರಪ್ಪ ಬೆಳಗ್ಗೆಯೇ ಚೌಕನೆಯ ಗುಂಡಿ ತೋಡಿ, ಅದರ ಗೋಡೆಯಲ್ಲಿ ಆಳು ಕೂರುವಷ್ಟು ಗೂಡು ಕೊರೆದು ಬಂದಿದ್ದ.

"ಜೀವ ಹೋದ ಕೂಡ್ಲೆ ಕಾಲು ಮಡಚಿ, ಗ್ವಾಡಿಗೆ ಆನಿಸಿ ಕಟ್ಟಬೇಕಿತ್ತು," ಎಂದರು ಕ್ರಿಯೆ ಮಾಡಿಸಲು ನಂದಿಗುಡಿಯಿಂದ ಬಂದಿದ್ದ ಅಯ್ನೋರು. "ಯಾರಿಗೂ ಹೊಳೀಲಿಲ್ವಾ? ಈಗ ಕಟ್ಟಿಗೆ ಆಗೈತೆ."

"ಹೊಳೀದೆ ಏನು," ಎಂದಳು ಪಕ್ಕದ ಮನೆಯ ಆಶಾರಾಣಿ. "ಐಸ್ ಪೆಟ್ಟಿಗೆ ತಂದೋನು ಉದ್ದ ಮಲಗಿಸಿದ್ರೇನೇ ಮುಚ್ಚಳ ಕೂರ್ತೈತೆ ಅಂದ. ಕೂರಿಸೋ ಪೆಟ್ಟಿಗೆ ಇಲ್ಲೇನಪ್ಪ ಅಂತ ಕೇಳಿದೆ. ನಗ್ತಾನೆ, ಮುಂಡೇಮಗ."

ಪೆಟ್ಟಿಗೆ ತರಿಸಿದ್ದು ತಮ್ಮನಿಗೋಸ್ಕರ. ತಿಪ್ಪೇಶನಿಗೆ ಗಂಡುಮಕ್ಕಳಿಲ್ಲ, ಮೊದಲ ಹಿಡಿ ಮಣ್ಣು ತಮ್ಮ ಅಂಜನಕುಮಾರನೇ ಹಾಕಬೇಕು. ಅವನೂ ಅದೇ ಕಂಪನಿಯ ಗಾಡಿಯಲ್ಲಿ ಹುಬ್ಬಳ್ಳಿಗೆ ಮಾಲು ತರಲು ಹೋಗಿದ್ದ. ಅಣ್ಣ ಸತ್ತ ಸುದ್ದಿ ಮುಟ್ಟಿದ ಮೇಲೂ ಮಾಲು ತುಂಬಿಸಿಕೊಂಡೇ ಬರಬೇಕೆಂದು ಮೇಲಿನವರು ಹೇಳಿದ್ದರು. ಅವನು ಅಂಗಳಕ್ಕೆ ಕಾಲಿಟ್ಟಾಗ ಬಿಸಿಲೇರಿತ್ತು. ಅಣ್ಣನ ಪಾದಕ್ಕೆ ಹಣೆ ಹಚ್ಚಿ ಅತ್ತವನು, ಎದ್ದು ಗೇಟಿನ ಹತ್ತಿರ ಹೋಗಿ ಫೋನು ಹಿಡಿದು ನಿಂತವನು, ಇನ್ನೂ ಅಲ್ಲೇ ನಿಂತಿದ್ದ.

ಸಣ್ಣಬೀರಪ್ಪ ಬೆವರೊರೆಸಿಕೊಂಡ. "ಎಡಗಾಲು ಹೆಂಗೋ ಬಗ್ಗೀತು. ಈ ಬಲಗಾಲು ಮಾತು ಕೇಳ್ತಿಲ್ರಿ. ಜೋರು ಮಾಡಿದ್ರೆ ಮುರೀತೈತೆ. ಹೇಳ್ರಿ, ಏನು ಮಾಡಾಣ?"

"ಮುರಿಯೋದು ಬ್ಯಾಡ," ಎಂದಳು ಭಾಗ್ಯಲಕ್ಷ್ಮಿ. "ಮಲಗಿಸೇ ಮಣ್ಣು ಮಾಡ್ರಿ."

ಅತ್ತೆ ಊರಮ್ಮ ಸೆರಗಿನಿಂದ ಮುಖ ತೆಗೆದಳು.

"ನನ್ನ ಗಂಡ ಕೂತೇ ಹೋದ, ನಮ್ಮ ಮಾವ ಕೂತೇ ಹೋದ. ನನ್ನ ಮಗ ಏನು ಬಿದ್ದ ಎತ್ತೇನೇ, ಅಡ್ಡ ಮಲಗಿಸಾಕೆ? ಶಿವನ ಮುಂದೆ ಕಾಲು ಚಾಚ್ಕೊಂಡು ಹೋಗ್ಲಿ ಅಂತೀಯ?"

"ಅವರಿಗೆ ನೋಯ್ತಿತ್ತು ಅತ್ತೆ."

"ಈಗೇನು ನೋಯ್ತೈತೆ ಅವನಿಗೆ!"

ಭಾಗ್ಯಲಕ್ಷ್ಮಿಯ ಕಣ್ಣು ಮತ್ತೆ ಆ ಮೊಣಕಾಲಿಗೆ ಹೋಯಿತು.

*

ದಸರೆಗೆ ಮುಂಚೆಯೇ ಮೊಣಕಾಲು ಊದಿತ್ತು. ಪಿ.ಜೆ. ಬಡಾವಣೆಯ ಮೂಳೆ ಡಾಕ್ಟರು ನೋಡಿ, "ಮೆಟ್ಟಿಲು ಹತ್ತಬ್ಯಾಡ, ಭಾರ ಎತ್ತಬ್ಯಾಡ," ಎಂದು ಹೇಳಿ ಕಳಿಸಿದ್ದರು. ಆ ಮಾತು ಕೇಳಿಸಿಕೊಂಡು ಬರಲು ತಿಪ್ಪೇಶ ಅವರ ಕ್ಲಿನಿಕ್ಕಿನ ಎರಡು ಮಹಡಿ ಹತ್ತಿದ್ದ. ಹೇಗೂ ಹತ್ತುತ್ತೀನಲ್ಲ ಎಂದು ಮೇಲಿನ ಮನೆಯವರ ಮಿಕ್ಸಿಯ ಪೆಟ್ಟಿಗೆಯನ್ನೂ ಹೆಗಲಿಗೇರಿಸಿಕೊಂಡಿದ್ದ.

ಆದರೆ ದಸರೆಯಿಂದ ದೀಪಾವಳಿ ಮುಗಿಯುವವರೆಗೆ ಕಂಪನಿಯಲ್ಲಿ ರಜೆಯೆಂಬುದಿಲ್ಲ. ವಾರದ ರಜೆಯೂ ಇಲ್ಲ. ಹೊತ್ತು ಮುಳುಗಿದ ಮೇಲೂ ಗಾಡಿ ಖಾಲಿಯಾಗುವ ತನಕ ಮನೆಗೆ ಹೋಗುವಂತಿಲ್ಲ. ಒಂದು ದಿನ ತಪ್ಪಿಸಿದರೆ ಮಾರನೆಯ ದಿನ ಫೋನಿನ ಕಂಪನಿ ಆ್ಯಪಿನಲ್ಲಿ ಅವನ ಹೆಸರೇ ತೆರೆಯುವುದಿಲ್ಲ, ಕೆಲಸವೂ ಸಿಗುವುದಿಲ್ಲ. ತಿಪ್ಪೇಶ ಕೇಳಿ ನೋಡಿದ. "ದೀಪಾವಳಿ ಆಗ್ಲಿ ಮಾರಾಯ, ಆಮೇಲೆ ಕಾಲ್ಮೇಲೆ ಕಾಲು ಹಾಕ್ಕೊಂಡು ಕೂತ್ಕೋ, ಯಾರು ಬ್ಯಾಡ ಅಂತಾರೆ?" ಎಂದು ಸೂಪರ್‌ವೈಸರು ನಕ್ಕ. ಕೆಟ್ಟವನೇನಲ್ಲ, ಹೆಗಲ ಮೇಲೆ ಕೈ ಹಾಕಿಯೇ ಹೇಳಿದ್ದ.

ದೇವರಾಜ ಅರಸು ಬಡಾವಣೆಯ ಒಂದು ಅಪಾರ್ಟ್‌ಮೆಂಟಿನಲ್ಲಿ ಲಿಫ್ಟು ಮನೆಯವರಿಗೆ ಮಾತ್ರ. ಅಲ್ಲಿ ಮೇಲುಮಹಡಿಯ ಹುಡುಗನೊಬ್ಬ ಮೈ ಗಟ್ಟಿ ಮಾಡಿಕೊಳ್ಳಲು ಕಬ್ಬಿಣದ ಡಂಬಲ್ಸ್ ತರಿಸಿದ್ದ. ತಿಪ್ಪೇಶ ಅವನ್ನು ಹೊತ್ತು ಹತ್ತಿಸಿದ. ಬಣ್ಣ ಸರಿಯಿಲ್ಲವೆಂದು ಹುಡುಗ ವಾಪಸು ಹಾಕಿದ. ಹೊತ್ತು ಇಳಿಸಿದವನೂ ತಿಪ್ಪೇಶನೇ.

ಮನೆಗೆ ಬಂದರೆ ನೆಲಕ್ಕೆ ಕೂರಲಾಗುತ್ತಿರಲಿಲ್ಲ. ಊಟಕ್ಕೆ ಮಂಚದ ಅಂಚು, ಪೂಜೆಗೆ ಪ್ಲಾಸ್ಟಿಕ್ ಕುರ್ಚಿ. "ಸಾಹೇಬ್ರು ಕುರ್ಚಿ ಮ್ಯಾಲೆ ಕೂತು ಲಿಂಗಪೂಜೆ ಮಾಡ್ತಾರೆ ನೋಡ್ರವ್ವ, ಶಿವ ಬಂದು ಇವ್ರಿಗೇ ಅಡ್ಡ ಬೀಳ್ಬೇಕು," ಎಂದು ಊರಮ್ಮ ಚುಚ್ಚುತ್ತಿದ್ದಳು. ಅವನು ಕಣ್ಣು ಮುಚ್ಚಿಕೊಂಡೇ ನಗುತ್ತಿದ್ದ. ಅವ್ವ ಬೆಳಗಿನ ಹೊತ್ತು ರಾಗವಾಗಿ ಹೇಳುವ ವಚನಗಳನ್ನು ಕೇಳುತ್ತ ಅವನು ಕುರ್ಚಿಯಲ್ಲೇ ತೂಕಡಿಸಿಬಿಡುತ್ತಿದ್ದ. ಅಂಗೈಯ ಲಿಂಗ ಜಾರದಂತೆ ಭಾಗ್ಯಲಕ್ಷ್ಮಿ ಕೆಳಗೆ ತನ್ನ ಕೈ ಒಡ್ಡಿ ನಿಲ್ಲುತ್ತಿದ್ದಳು.

ರಾತ್ರಿ ಅವಳು ಉಪ್ಪು ಹುರಿದು ಬಟ್ಟೆಯಲ್ಲಿ ಕಟ್ಟಿ ಆ ಮೊಣಕಾಲಿಗೆ ಕಾವು ಕೊಡುತ್ತಿದ್ದಳು. ಚಿಪ್ಪಿನ ಒಳಬದಿಯಲ್ಲಿ ಒಂದು ಜಾಗವಿತ್ತು. ಅಲ್ಲಿ ಕಾವು ಹಿಡಿದರೆ ಅವನು "ಹಾಂ, ಅಲ್ಲೇ," ಎನ್ನುತ್ತಿದ್ದ. ಕಾಲು ತಾನಾಗಿ ಸಡಿಲವಾಗುತ್ತಿತ್ತು.

*

"ಸಿಕ್ಕಾಗ ಹೆಂಗಿದ್ದ ಅಂವ?" ಎಂದು ಅಯ್ನೋರು ಮುನಾಫನನ್ನು ಕೇಳಿದರು.

"ಗಾಡಿ ಸೀಟಿನ ಮ್ಯಾಲೆ ಕೂತಿದ್ದ ಅಯ್ನೋರೆ. ಬೇವಿನಮರದ ನೆರಳಿಗೆ ನಿಲ್ಸಿದ್ದ. ಊಟ ಮಾಡ್ತಾನೇನೋ ಅಂತ ಹೋದೆ. ಆ ನೋಯೋ ಕಾಲೂ ಸೇರಿ ಎರಡೂ ಕಾಲು ಮಡಚ್ಕೊಂಡು, ತೊಡಿ ಮ್ಯಾಲೆ ಒಂದು ಪಾರ್ಸಲ್ಲು ಇಟ್ಕೊಂಡು ಕೂತಿದ್ದ. ಅಲ್ಲಾಡಿಸಿದ್ರೆ ತಲೆ ವಾಲ್ತು." ಮುನಾಫ್ ಹೆಣದ ಭುಜದ ಮೇಲಿನ ಬಟ್ಟೆ ಸರಿಮಾಡಿದ. "ನೀವು ಹೇಳಿದಂಗೇ ಕೂತಿದ್ದ. ಆಸ್ಪತ್ರೆಯೋರು ಎದೆ ನಿಂತೈತೆ ಅಂದು, ಸ್ಟ್ರೆಚರ್ ಮ್ಯಾಲೆ ಹಾಕಿ ಕಾಲು ನೀಟಾಗಿ ಚಾಚಿಸಿದ್ರು. ನಾನೇ ಹಿಡ್ಕೊಂಡಿದ್ದೆ. ನನಗೇನು ಗೊತ್ತು ನಿಮ್ಮ ಪದ್ಧತಿ?"

ಅಂಜನಕುಮಾರ ಗೇಟಿನಿಂದ ಒಳಗೆ ಬಂದ.

"ಏನಾರ ಒಂದು ತೀರ್ಮಾನ ಮಾಡ್ರಿ. ಎರಡು ಗಂಟೆಗೆ ನಾನು ದಾವಣಗೆರೇಲಿ ಇರ್ಬೇಕು."

"ಅಣ್ಣನ ಮಣ್ಣಿನ ದಿನ ಎಲ್ಲಿಗೋ ಹೋಗ್ತಿ?" ಎಂದಳು ಊರಮ್ಮ.

"ಅಣ್ಣನ ಗಾಡಿ ಮಾಲೂ ನನ್ನ ತಲೆಗೇ ಕಟ್ಯಾರವ್ವ! ನಿನ್ನೆ ಅವ ಕೊಡದೆ ಉಳಿದಿದ್ದೆಲ್ಲ ಇವತ್ತು ನಾನು ಕೊಡ್ಬೇಕು. ಹೋಗ್ಲಿಲ್ಲ ಅಂದ್ರೆ ನಾಳೆಯಿಂದ ಬರಬ್ಯಾಡ ಅಂದಾರೆ. ಈಗ ಈ ಮನೇಲಿ ದುಡಿಯೋನು ನಾನೊಬ್ನೇ ಅಲ್ಲೇನು?"

ಸಣ್ಣಬೀರಪ್ಪ ಆಕಾಶ ನೋಡಿದ. "ಮಲಗಿಸೋದಾದ್ರೆ ಗುಂಡಿ ಉದ್ದಕ್ಕೆ ತೋಡ್ಬೇಕು. ಅಲ್ಲಿ ಕಲ್ಲು ಸಿಗ್ತೈತೆ. ಸಂಜಿ ಆಗ್ತೈತಪ್ಪ."

"ಮಲಗ್ಸೋದು ಬ್ಯಾಡ ಬಿಡು," ಎಂದ ಅಂಜನಕುಮಾರ.

ಭಾಗ್ಯಲಕ್ಷ್ಮಿ ಮಗಳನ್ನು ಮೆಲ್ಲಗೆ ಪಕ್ಕಕ್ಕೆ ಸರಿಸಿ ಎದ್ದಳು.

"ಕೂರ್ಸೇ ಮಾಡ್ರಿ. ಆದ್ರೆ ಯಾರೂ ಮುಟ್ಟಬ್ಯಾಡ್ರಿ. ನಾನು ಮಡಚ್ತೀನಿ."

ಅವಳು ಒಳಗೆ ಹೋಗಿ ಉಪ್ಪು ಹುರಿದಳು. ಸಾವಿನ ಮನೆಯಲ್ಲಿ ಒಲೆ ಹಚ್ಚಬಾರದೆಂದು ಆಶಾರಾಣಿ ಅಡ್ಡ ಬಂದಳು. ಭಾಗ್ಯಲಕ್ಷ್ಮಿ ಅವಳ ಮುಖ ನೋಡಿದ ರೀತಿಗೆ ಅವಳೇ ಬಾಗಿಲು ಬಿಟ್ಟು ನಿಂತಳು. ಬಿಸಿ ಗಂಟು ಹಿಡಿದು ಬಂದು ಗಂಡನ ಕಾಲಬುಡದಲ್ಲಿ ಕೂತು, ಚಿಪ್ಪಿನ ಒಳಬದಿಯ ಆ ಜಾಗ ಹುಡುಕಿ ಇಟ್ಟಳು. ಐಸಿನ ತಣ್ಣೀರು ಚರ್ಮದಿಂದ ಹನಿಯುತ್ತಿತ್ತು. ಇಟ್ಟಳು, ತೆಗೆದಳು, ಒತ್ತಿದಳು. ಗಂಟು ಆರಿದಾಗ ಮುನಾಫ್ ಇನ್ನೊಂದನ್ನು ಬಿಸಿ ಮಾಡಿ ತಂದುಕೊಟ್ಟ. ಜನ ಭಜನೆ ನಿಲ್ಲಿಸಿ ನೋಡುತ್ತಿದ್ದರು. ಬದುಕಿದವನಿಗೆ ಮಾಡುವ ಹಾಗೆ ಅವಳು ಹಿಮ್ಮಡಿಯನ್ನು ಅಂಗೈಯಲ್ಲಿ ಹೊತ್ತು, ಚೂರುಚೂರೇ ಒಳಕ್ಕೆ ತರುತ್ತಿದ್ದಳು.

ಮೊಣಕಾಲು ಬೆರಳಿನಷ್ಟು ಮೇಲೆದ್ದಿತು. ಸ್ವಲ್ಪ ಹೊತ್ತಿಗೆ ಅದರ ಅಡಿಯಲ್ಲಿ ಒಂದು ಮುಷ್ಟಿ ತೂರುವಷ್ಟು ಜಾಗವಾಯಿತು.

"ಬಗ್ತೈತೆ!" ಎಂದ ಮುನಾಫ್. "ಅಯ್ನೋರೆ, ನೋಡ್ರಿ, ಬಗ್ತೈತೆ."

"ಇನ್ನೊಂದು ತಾಸು ಕೊಡ್ರಿ," ಎಂದಳು ಭಾಗ್ಯಲಕ್ಷ್ಮಿ ತಲೆಯೆತ್ತದೆ. "ಸಾಕು. ಇನ್ನೊಂದೇ ತಾಸು."

ಅಂಜನಕುಮಾರನ ಫೋನು ಬಡಿದುಕೊಂಡಿತು. ಅವನು ಪಕ್ಕಕ್ಕೆ ಹೋಗಲಿಲ್ಲ, ಅಲ್ಲೇ ನಿಂತು, "ಹೊಂಟೆ ಸಾರ್. ಆತು ಸಾರ್. ಎತ್ತೋದೊಂದೇ ಬಾಕಿ," ಎಂದ. ಫೋನನ್ನು ಜೇಬಿಗಿಳಿಸಿದವನು ಸಣ್ಣಬೀರಪ್ಪನಿಗೆ ಕಣ್ಸನ್ನೆ ಮಾಡಿದ.

"ಅತ್ತಿಗೆ, ನೀನು ಎದ್ದು ಗಂಟು ಬಿಸಿ ಮಾಡ್ಕೊಂಬಾ."

"ಬಿಸಿ ಐತೆ ಇನ್ನೂ."

"ಏಳು ಅತ್ತಿಗೆ."

ಆಶಾರಾಣಿ, ಇನ್ನೊಬ್ಬ ಹೆಂಗಸು ಸೇರಿ ಅವಳ ಕಂಕುಳಿಗೆ ಕೈ ಹಾಕಿ ಎಬ್ಬಿಸಿದರು. ಅವಳು ಹಿಮ್ಮಡಿ ಬಿಡಲಿಲ್ಲ, ಬೆರಳು ಬಿಡಿಸಬೇಕಾಯಿತು. ಅಂಜನಕುಮಾರ ಅಣ್ಣನ ತೊಡೆಯ ಮೇಲೆ ಕೂತ. ಸಣ್ಣಬೀರಪ್ಪ ಪಾದ ಹಿಡಿದ. "ಶಿವಶಿವಾ" ಎಂದು ಅಯ್ನೋರು ಜಾಗಟೆಯವನ ಕಡೆ ಕೈ ಬೀಸಿದರು. ಜಾಗಟೆ ಜೋರಾಗಿ ಮೊಳಗಿತು. ಆದರೂ ಹಸಿಮರ ಸೀಳಿದಂಥ ಆ ಸದ್ದು ಎಲ್ಲರಿಗೂ ಕೇಳಿಸಿತು. ಮುನಾಫ್ ಭುಜ ಬಿಟ್ಟು ಎದ್ದುಹೋಗಿ ಚರಂಡಿಯ ಬಳಿ ಕುಕ್ಕರಗಾಲಿನಲ್ಲಿ ಕೂತ.

ಆಮೇಲೆ ಎಲ್ಲ ಬೇಗ ಬೇಗ ನಡೆಯಿತು. ಕಾಲಿನ ಮೇಲೆ ಕಾಲು ಹೆಣೆದು ಬಿಳಿ ಬಟ್ಟೆಯಲ್ಲಿ ಬಿಗಿದರು. ಹಣೆತುಂಬ ವಿಭೂತಿ ಬಳಿದು, ಹೂವಿನ ಹಾರ ಹಾಕಿ, ಶೃಂಗಾರ ಮಾಡಿದ ಕುರ್ಚಿಯಲ್ಲಿ ಕೂರಿಸಿದರು.

"ಎಷ್ಟು ಚೆಂದ ಕೂತಾನೆ ನೋಡ್ರವ್ವ! ಸ್ವಾಮಿಗಳು ಕೂತಂಗೆ ಕೂತಾನೆ," ಎಂದಳೊಬ್ಬಳು. ಹಲವರು ಫೋನು ತೆಗೆದು ಫೋಟೊ ಹಿಡಿದುಕೊಂಡರು. ಊರಮ್ಮ ಮಗನ ಗಲ್ಲ ನೇವರಿಸಿ, "ಈಗ ಆತು ನೋಡಪ್ಪ," ಎಂದಳು.

*

ಹೊಳೆಯ ಕಡೆಯಿಂದ ಬಿಸಿಗಾಳಿ ಬೀಸುತ್ತಿತ್ತು. ಸಣ್ಣಬೀರಪ್ಪನೂ ಇನ್ನೊಬ್ಬನೂ ತಿಪ್ಪೇಶನನ್ನು ಗುಂಡಿಗಿಳಿಸಿ, ಗೂಡಿನೊಳಗೆ ಕೂರಿಸಿದರು. ಬೆನ್ನಿಗೆ ವಿಭೂತಿಗಟ್ಟಿ ಕೊಟ್ಟರು. ಅಂಗೈಯಲ್ಲಿ ಲಿಂಗವಿಟ್ಟು ಪತ್ರೆ ಏರಿಸಿದರು. ಮೈಮೇಲೆ ಕಟ್ಟು ಇರಬಾರದೆಂದು ಅಯ್ನೋರು ಮೇಲಿನಿಂದ ಹೇಳಿದಾಗ, ಸಣ್ಣಬೀರಪ್ಪ ಕಾಲಿನ ಬಟ್ಟೆಯ ಗಂಟನ್ನೂ ಬಿಚ್ಚಿ ಮೇಲೆ ಹತ್ತಿ ಬಂದ.

ಅಂಜನಕುಮಾರ ಅಂಚಿನಲ್ಲಿ ಕೂತು ಮೊದಲ ಹಿಡಿ ಮಣ್ಣು ತುಂಬಿಕೊಂಡ.

ಆಗ ಗೂಡಿನೊಳಗಿಂದ ಬಲಗಾಲು ಜಾರಿತು. ಮುರಿದ ಮೊಣಕಾಲಿಗೆ ಹಿಡಿತವಿರಲಿಲ್ಲ. ಪಾದ ಎಡತೊಡೆಯಿಂದ ಇಳಿದು, ನೆಲಕ್ಕೆ ತಗುಲಿ, ಮೆಲ್ಲಗೆ, ಯಾರೋ ದಣಿದು ಬಂದು ಚಾಚುವ ಹಾಗೆ, ಗುಂಡಿಯ ನಡುವಿನ ತನಕ ಚಾಚಿಕೊಂಡಿತು.

"ಅಯ್ಯೋ ಶಿವನೇ!" ಎಂದಳು ಊರಮ್ಮ. "ಇಳೀರೋ, ಯಾರಾರ ಇಳೀರೋ!"

ಸಣ್ಣಬೀರಪ್ಪ ಅಯ್ನೋರನ್ನು ನೋಡಿದ. ಅಯ್ನೋರು ಅಂಜನಕುಮಾರನನ್ನು ನೋಡಿದರು. ಅಂಜನಕುಮಾರನ ಮುಷ್ಟಿ ಆಗಲೇ ಬಿಚ್ಚಿತ್ತು, ಮಣ್ಣು ಬಿದ್ದಾಗಿತ್ತು. ಅವನು ಕೈ ಕೊಡವಿಕೊಂಡು ಎದ್ದ. ಯಾರ ಮುಖವನ್ನೂ ನೋಡದೆ ಬೈಕಿನ ಕಡೆ ಓಡುನಡಿಗೆಯಲ್ಲಿ ಹೋದ.

ಜನ ಸಾಲಾಗಿ ಬಂದು ಮಣ್ಣು ಹಾಕತೊಡಗಿದರು. ಭಾಗ್ಯಲಕ್ಷ್ಮಿಯ ಸರದಿ ಬಂತು. ಅವಳು ಗುಂಡಿಯ ಅಂಚಿಗೆ ಮೊಣಕಾಲೂರಿ, ಮಣ್ಣಿನ ಹೆಂಟೆಗಳನ್ನು ಅಂಗೈಯಲ್ಲಿ ಪುಡಿಮಾಡಿ, ಕಲ್ಲು ಆರಿಸಿ ಬದಿಗಿಟ್ಟಳು. ಉಳಿದ ಮೆತ್ತನೆಯ ಮಣ್ಣನ್ನು ಆ ಮೊಣಕಾಲಿನ ಮೇಲೆ, ಚಿಪ್ಪಿನ ಒಳಬದಿಗೆ, ನಿಧಾನವಾಗಿ ಸುರಿದಳು.

ಹಿಂದಿನ ಸಾಲಿನವರು, "ಬೇಗ ಹಾಕವ್ವ, ಬಿಸಿಲು," ಎನ್ನುತ್ತಿದ್ದರು.