ಕಂಬದ ಹಿಂದಿನ ಧಾರೆ

"ಮದ್ವೆ ವಿಡಿಯೋದಲ್ಲಿ ಧಾರೇನೇ ಇಲ್ಲ ಅಂದ್ರೆ ಯಾವ್ ಸೀಮೆ ವಿಡಿಯೋನಮ್ಮ ಇದು?" ಅಂತ ಹೆಣ್ಣಿನ ಕಡೆಯ ಅಂಜನಮೂರ್ತಿ ಗುಬ್ಬಿಯ ನಮ್ಮ ಸ್ಟುಡಿಯೋದ ಟೇಬಲ್ ಗುದ್ದಿದರು. ಓನರ್ ಸೋಮಶೇಖರ್ ನನ್ನನ್ನು ನುಂಗುವಂತೆ ನೋಡಿದರು. ನಾನೂ ಅವರನ್ನೇ ನೋಡಿದೆ. ಎಡಿಟ್ ಮಾಡಿದವಳು ನಾನೇ. ಧಾರೆ ಮರೆತು ಬಿಟ್ಟುಹೋದದ್ದಲ್ಲ, ಬೇಕಂತಲೇ ಬಿಟ್ಟದ್ದು.

ಇದಕ್ಕೆಲ್ಲ ಮೂಲ ಇರಾನಿನ ಒಬ್ಬ ನಿರ್ದೇಶಕ. ತುಮಕೂರಿನಲ್ಲಿ ಒಂದಷ್ಟು ಜನ ಸೇರಿ ತಿಂಗಳಿಗೊಂದು ಭಾನುವಾರ ಮಹಡಿ ಮೇಲಿನ ಕೋಣೆಯಲ್ಲಿ ಆತನ ಸಿನಿಮಾ ಹಾಕುತ್ತಿದ್ದರು. ಹಾಡಿಲ್ಲ, ಹೊಡೆದಾಟವಿಲ್ಲ, ಕ್ಯಾಮೆರಾ ಇಟ್ಟ ಕಡೆಯೇ ಇರುತ್ತದೆ. ಮೊದಲ ದಿನ ಬಾಯಿ ತುಂಬ ಆಕಳಿಸಿದೆ. ಎರಡನೇ ತಿಂಗಳು ಗೊತ್ತಾಯಿತು, ಈ ಮನುಷ್ಯ ದೊಡ್ಡ ಸಂಗತಿಯನ್ನು ತೋರಿಸುವುದೇ ಇಲ್ಲ, ಅದನ್ನು ಕೇಳಿಸಿಕೊಳ್ಳುತ್ತಿರುವವರನ್ನು ತೋರಿಸುತ್ತಾನೆ. ಉಳಿದದ್ದು ನಮಗೇ ಬಿಟ್ಟದ್ದು. ನೋಡುವವರು ದಡ್ಡರಲ್ಲ ಅಂತ ನಂಬಿದ್ದಾನಲ್ಲ, ಅದಕ್ಕೇ ನಾನು ಸೋತೆ. ವಾಪಸ್ ಬಸ್ಸಿನಲ್ಲಿ ಕೂತು, ಡ್ರೋನು, ಸ್ಲೋ ಮೋಷನ್ನು, ನಾನು ಮದುವೆಗಳ ಮೇಲೆ ಉದುರಿಸಿದ್ದ ಗುಲಾಬಿ ದಳದ ಎಫೆಕ್ಟು ಎಲ್ಲ ನೆನೆದು ನಾಚಿಕೆಯಾಯಿತು.

ಅದಾದ ಮೇಲೆ ಬಂದದ್ದು ಚೇಳೂರಿನ ಸುಮನಾಳ ಮದುವೆ. ಗಂಡು ಕುಣಿಗಲ್ಲಿನವನು. ಹುಡುಗಿಗೆ ಅಪ್ಪ ಇಲ್ಲ. ದೊಡ್ಡಪ್ಪ ಅಂಜನಮೂರ್ತಿ ಹೆಂಡತಿ ಸಮೇತ ನಿಂತು ಧಾರೆ ಎರೆದುಕೊಟ್ಟರು. ಆಮೇಲೆ ನೆಂಟರು, ಪಕ್ಕದ ತೋಟದವರು, ಗಂಡಿನ ಆಫೀಸಿನವರು, ಕೊನೆಗೆ ಛತ್ರದ ಮ್ಯಾನೇಜರು ಕೂಡ ಸಾಲಿನಲ್ಲಿ ಹೋಗಿ ಹುಡುಗಿಯ ಕೈ ಮೇಲೆ ಹಾಲು ಬಿಟ್ಟು ಬಂದರು. ಹೆತ್ತ ತಾಯಿ ನರಸಮ್ಮ ಮಾತ್ರ ಕಂಬದ ಹಿಂದೆ. ಗಂಡ ಸತ್ತವಳು ಧಾರೆ ಹೊತ್ತಲ್ಲಿ ಎದುರಿಗೆ ಬರಬಾರದಂತೆ! ನನಗೆ ಮೈಯೆಲ್ಲ ಉರಿಯಿತು. ನನ್ನದು ಎರಡನೇ ಕ್ಯಾಮೆರಾ, ಬಂದ ಜನರನ್ನು ತೆಗೆಯುವ ಕೆಲಸ. ಸ್ಟ್ಯಾಂಡ್ ಊರಿ ನರಸಮ್ಮನ ಕಡೆ ತಿರುಗಿಸಿಟ್ಟೆ, ಮತ್ತೆ ಮುಟ್ಟಲಿಲ್ಲ.

ಎಡಿಟ್ ಮಾಡುವಾಗ ಧಾರೆಯ ಜಾಗಕ್ಕೆ ಆ ನಾಲ್ಕು ನಿಮಿಷ ಇಟ್ಟೆ. ವಾದ್ಯ, ಮಂತ್ರ, ಗಲಾಟೆ ಎಲ್ಲ ಕೇಳುತ್ತದೆ, ಕಾಣುವುದು ನರಸಮ್ಮ ಒಬ್ಬರೇ. ಸೀಸನ್ನಿನ ಗಡಿಬಿಡಿಯಲ್ಲಿ ಸೋಮಶೇಖರ್ ನೋಡದೇ ಕಳಿಸಿಬಿಟ್ಟಿದ್ದರು.

"ಸ್ಟೇಜ್ ಶಾಟ್ ಹಾಕ್ಕೊಡು ಪ್ರಮೀಳಾ," ಅಂದರು ಸೋಮಶೇಖರ್ ಈಗ. "ಅದನ್ನ ಕಿತ್ತಾಕು."

"ಕೀಳಲ್ಲ ಸಾರ್."

"ಹೋಗ್ಲಿ, ಚೂರು ಜೂಮ್ ಮಾಡಿ ಒಂದ್ ತಾಯಿ ಸೆಂಟಿಮೆಂಟ್ ಸಾಂಗಾದ್ರೂ ಹಾಕು."

"ಅದೂ ಹಾಕಲ್ಲ."

"ಹಂಗಾದ್ರೆ ನಾಳೆಯಿಂದ ಬರ್ಬೇಡ."

ಆರು ವರ್ಷದ ಕೆಲಸ. ಆದರೂ ಬ್ಯಾಗು ಹೆಗಲಿಗೆ ಹಾಕಿಕೊಂಡೆ. "ಬರಲ್ಲ ಬುಡಿ. ಹೋಗೋಕ್ ಮುಂಚೆ ಅವರ ಮನೆಯವ್ರು ಒಂದ್ಸಲ ನೋಡ್ಲಿ," ಅಂದು ಪ್ಲೇ ಒತ್ತಿದೆ.

ಅವರ ಮನೆಯವರು ಅಂದರೆ ಬಾಗಿಲ ಬಳಿ ನಿಂತಿದ್ದ ಸುಮನಾ, ಅವಳ ಹಿಂದೆ ನರಸಮ್ಮ. ಭಾವ ಕೂತಿದ್ದ ಕಡೆ ನರಸಮ್ಮ ಕೂರುವವರಲ್ಲ, ಬಂದಾಗಿನಿಂದ ನಿಂತೇ ಇದ್ದರು. ಈ ವಿಡಿಯೋವನ್ನು ಅವರಿಗೆ ಯಾರೂ ತೋರಿಸಿರಲಿಲ್ಲ.

ತೆರೆಯ ಮೇಲೆ ಕಂಬ, ಗೋಡೆ, ಸೆರಗು ಹೊದ್ದ ನರಸಮ್ಮ. ಒಂದು ನಿಮಿಷ ಏನೂ ಇಲ್ಲ. ಅಂಜನಮೂರ್ತಿ ಗಡಿಯಾರ ನೋಡಿದರು. ಗಟ್ಟಿಮೇಳ ಶುರುವಾಯಿತು. ಆಗ ನರಸಮ್ಮನ ಎರಡು ಖಾಲಿ ಕೈಗಳು ಎದೆ ಮಟ್ಟಕ್ಕೆ ಬಂದವು, ಚೊಂಬು ಹಿಡಿದಂತೆ ಕೂಡಿಕೊಂಡವು, ಮೆಲ್ಲಗೆ ಬಾಗಿದವು. ವಾದ್ಯ ನಿಲ್ಲುವವರೆಗೂ ಹಾಗೇ ಬಾಗಿದ್ದವು.

ಸುಮನಾ ಬಾಯಿಗೆ ಸೆರಗು ಒತ್ತಿಕೊಂಡು ಅಳುತ್ತಿದ್ದಳು. ನರಸಮ್ಮ ತಮ್ಮ ಕೈಗಳನ್ನು ಒಮ್ಮೆ ನೋಡಿಕೊಂಡರು, ತೆರೆಯನ್ನು ಒಮ್ಮೆ ನೋಡಿದರು. ಹಾಗೆ ಮಾಡಿದ್ದು ಅವರಿಗೇ ಗೊತ್ತಿರಲಿಲ್ಲ.

"ಇದ್ರಲ್ಲಿ ಧಾರೆ ಎಲ್ಲೈತೆ?" ಅಂದರು ಅಂಜನಮೂರ್ತಿ.

ನರಸಮ್ಮ ಒಳಗೆ ಬಂದರು. ಭಾವನ ಪಕ್ಕದ ಕುರ್ಚಿಯನ್ನು ದರದರ ಎಳೆದು, ತೆರೆಯ ಎದುರಿಗೇ ಹಾಕಿಕೊಂಡು ಕೂತರು.

"ಇದೇ ಧಾರೆ, ಭಾವ," ಅಂದರು. "ಇನ್ನೊಂದ್ಸಲ ಹಾಕವ್ವ. ಅವ್ರಿಗೆ ಕಾಣ್ಲಿಲ್ವಂತೆ."