ಗಾದಿಯೊಳಗಿನ ಪಿಕ್

ಅಬೀದಾ ಗಾದಿಯ ಬಟ್ಟೆಯ ಖೋಳದೊಳಗೆ ಮೊಣಕೈವರೆಗೆ ಕೈ ಹಾಕಿ ಮೂಲೆಗೆ ಹತ್ತಿ ಒತ್ತುತ್ತಿದ್ದಳು. ಎದುರಿಗೆ ಗೋಡೆಗೊರಗಿ ಕಾಲು ಚಾಚಿ ಕೂತ ಗೌರಕ್ಕನ ಕಣ್ಣು ಆ ಕೈಯ ಮೇಲೆಯೇ ಇತ್ತು. ಮಗಳ ಮದುವೆಗೆಂದು ತನ್ನ ಹೊಲದ ಹತ್ತಿಯ ಗಂಟು ಹೊತ್ತು ಸುಳ್ಳ ಎಂಬ ಹಳ್ಳಿಯಿಂದ ಮೊದಲ ಬಸ್ಸಿಗೆ ಬಂದವಳು ಅವಳು. ಗಾದಿ ಮುಗಿಯುವವರೆಗೆ ಹುಬ್ಬಳ್ಳಿ ಬೆಂಗೇರಿಯ ಈ ಅಂಗಡಿ ಬಿಟ್ಟು ಕದಲುವಂತಿರಲಿಲ್ಲ.

"ಚಾ ಆದ್ರೂ ಕುಡೀರಿ ಅಕ್ಕಾರ. ನಿಮ್ಮ ಹತ್ತಿ ನಾವೇನು ತಿನ್ನೂದಿಲ್ಲ," ಎಂದಳು ಅಬೀದಾ.

"ತಿನ್ನೂದಿಲ್ಲಂತ ಗೊತ್ತೈತಿ. ಬದಲಿ ಮಾಡ್ತೀರಿ," ಎಂದಳು ಗೌರಕ್ಕ, ಸಿಟ್ಟಿಲ್ಲದೆ. "ನನ್ನ ಮಗಳು ನಮ್ಮ ಹೊಲದ ಹತ್ತಿ ಮ್ಯಾಲ ಮಲಗಬೇಕವಾ. ಮಂದಿ ಹತ್ತಿ ಮ್ಯಾಲ ಅಲ್ಲ."

ಹತ್ತಿ ಹಿಂಜುವ ಯಂತ್ರ ಬೆಳಿಗ್ಗೆಯೇ ತನ್ನ ಕೆಲಸ ಮುಗಿಸಿತ್ತು. ಅಬೀದಾಳ ಗಂಡ ಫಾರೂಕ ಅದನ್ನು ಬಂದ್ ಮಾಡಿ, ಹೊಲಿದಿಟ್ಟ ಗಾದಿಗಳನ್ನು ಟಂಟಂ ರಿಕ್ಷಾದಲ್ಲಿ ಹೇರಿಕೊಂಡು ಬೈರಿದೇವರಕೊಪ್ಪಕ್ಕೆ ಕೊಡಲು ಹೋಗಿದ್ದ. ಯಂತ್ರ ಸುಮ್ಮನಾದ ಮೇಲೆ ಹಿಂದಿನ ಕೋಣೆಯಿಂದ ಮಗಳು ಜೋಯಾ ಬಾರಿಸುವುದು ಚೆನ್ನಾಗಿ ಕೇಳಿಸುತ್ತಿತ್ತು. ನಾಲ್ಕೇ ದಪ್ಪ ತಂತಿಗಳ ಬೇಸ್ ಗಿಟಾರು. ಟಂ ಟಂ ಟಂ ಟಂ ಎಂದು ಒಂದೇ ನಡಿಗೆ. ಎಲ್ಲಿಗೋ ಹೊರಟವರು ಹಿಂದೆ ತಿರುಗಿ ನೋಡದೆ ನಡೆದ ಹಾಗೆ. ಅಬೀದಾಳಿಗೆ ತಿಳಿಯದೆಯೇ ಅವಳ ಕೈ ಅದಕ್ಕೆ ಸರಿಯಾಗಿ ಹತ್ತಿ ಒತ್ತುತ್ತಿತ್ತು.

ಈ ಸಂಗೀತಕ್ಕೆ ಪೋಸ್ಟ್-ಪಂಕ್ ಎನ್ನುತ್ತಾರೆಂದು ಜೋಯಾ ಹೇಳಿದ್ದಳು. ಬಹಳ ವರ್ಷಗಳ ಹಿಂದೆ ವಿಲಾಯತಿಯ ಬಟ್ಟೆ ಗಿರಣಿ ಊರುಗಳ ಹುಡುಗರು ಹುಡುಗಿಯರು ಶುರು ಮಾಡಿದ್ದಂತೆ. "ಬ್ಯಾರೆ ಹಾಡಿನಾಗ ಬೇಸ್ ಹಿಂದ ಕುಂತಿರತೈತಮ್ಮಾ. ಇದರಾಗ ಅದs ಮುಂದ ನಡೀತೈತಿ, ಉಳಿದಾವೆಲ್ಲಾ ಅದರ ಹಿಂದ ಬರ್ತಾವ." ಗಿರಣಿ ಊರು ಎಂದ ಮೇಲೆ ಹುಬ್ಬಳ್ಳಿಯವರಿಗೆ ಮತ್ತೇನು ಹೇಳಬೇಕು? ಅಬೀದಾಳಿಗೆ ತಿಳಿದಿತ್ತು.

ನಡಿಗೆ ತಟ್ಟನೆ ನಿಂತಿತು. ಒಳಗೆ ಫೋನಿನಲ್ಲಿ ಮಾತು ಕೇಳಿಸಿತು. ಬಳಿಕ ಜೋಯಾ ಮೂಗು ಕೆಂಪಗೆ ಮಾಡಿಕೊಂಡು ಹೊರಗೆ ಬಂದಳು. ಬೆರಳ ನಡುವೆ ಕೆಂಪು ಪ್ಲಾಸ್ಟಿಕ್ಕಿನ ಮೂರು ಮೂಲೆಯ ಬಿಲ್ಲೆಯಿತ್ತು.

"ಶಿವಯೋಗೀಶ ಫೋನ್ ಮಾಡಿದ್ದ," ಎಂದಳು. ಬ್ಯಾಂಡು ಕಟ್ಟಿದವನು ಅವನೇ. ಶನಿವಾರ ಧಾರವಾಡದ ಕಾಲೇಜಿನಲ್ಲಿ ಇವರ ಕಾರ್ಯಕ್ರಮವಿತ್ತು. "ಪಿಕ್ ಬಿಡು ಅಂತಾನ. ಬಿಡದಿದ್ರ ಬ್ಯಾರೆದವರನ್ನ ಕರಸ್ತಾನಂತ."

ಗೌರಕ್ಕ ಎದ್ದು ಸರಿಯಾಗಿ ಕೂತಳು. "ಪೀಕ ಬಿಡು ಅಂದ್ನಾ? ಯಾವನವ? ಹೊಲದಾಗ ಬೆಳದು ನಿಂತ ಪೀಕ ಬಿಡು ಅನ್ನಾಕ ಅವಂಗೇನು ಹಕ್ಕೈತಿ?"

"ಪೀಕ ಅಲ್ಲ ದೊಡ್ಡವ್ವಾ, ಪಿಕ್! ಇದು!" ಜೋಯಾ ಬಿಲ್ಲೆಯನ್ನು ಎತ್ತಿ ತೋರಿಸಿದಳು. "ತಂತಿ ಮೀಟೂದು. ಖರೇ ಬೇಸ್ ಬಾರಸಾವ್ರು ಬೆರಳಿಲೆ ಬಾರಸ್ತಾರಂತ. ಬಾರಸಾಕ ಬರದಾವ್ರು ಪಿಕ್ ಹಿಡೀತಾರಂತ."

"ಇಷ್ಟ ಸಣ್ಣದಕ್ಕ ಇಷ್ಟ ದೊಡ್ಡ ಜಗಳೇನು? ಒಂದೆಕ್ರೆ ಪೀಕ ಹೋದಂಗ ಅಳಾಕತ್ತೀಯಲ್ಲ."

"ಅಳಾಕತ್ತಿಲ್ಲ!" ಎಂದು ಜೋಯಾ ಬಿಲ್ಲೆಯನ್ನು ಬೀಸಿ ಒಗೆದು ಒಳಗೆ ಹೋದಳು. ಅದು ಎಲ್ಲಿ ಬಿತ್ತೆಂದು ಯಾರೂ ನೋಡಲಿಲ್ಲ. ಅಬೀದಾ ಉಳಿದ ಹತ್ತಿಯನ್ನು ತೆಕ್ಕೆಯಲ್ಲಿ ಬಾಚಿ ಖೋಳಕ್ಕೆ ತುಂಬಿದಳು, ದಬ್ಬಣ ಹಿಡಿದು ಬಾಯಿ ಹೊಲಿದಳು. ಗೌರಕ್ಕ ಸೆರಗಿನ ಗಂಟಿನಿಂದ ಅರಿಶಿಣ ತೆಗೆದು ಆ ಹೊಲಿಗೆಯ ಉದ್ದಕ್ಕೂ ಹಚ್ಚಿದಳು.

"ಆತು. ಅರಿಶಿಣ ಬಿದ್ದ ಮದುವಿ ಗಾದಿ, ಇನ್ನ ಇದನ್ನ ಬಿಚ್ಚಿದ್ರ ನಾ ಸುಮ್ಮನ ಬಿಡೂದಿಲ್ಲ."

ಒಳಗೆ ಬೇಸ್ ಮತ್ತೆ ಶುರುವಾಯಿತು. ಈ ಸಲ ಬೆರಳಲ್ಲಿ. ಸ್ವರಗಳು ದುಂಡಗೆ, ಮೆತ್ತಗೆ, ಒಂದರ ಮೈಮೇಲೊಂದು ಬಿದ್ದುಕೊಂಡು ಬಂದವು. ತಪ್ಪೇನೂ ಇರಲಿಲ್ಲ, ಚಂದವೇ ಇತ್ತು. ಆದರೆ ಗಾದಿಯ ಮೇಲೆ ಕೋಲಿನಿಂದ ಬಡಿಯುತ್ತ ಹತ್ತಿ ಸಮ ಮಾಡುತ್ತಿದ್ದ ಅಬೀದಾಳ ಕೈ ತಾಳ ತಪ್ಪಿತು. ಇಳಿಯುವುದೆಲ್ಲಿ, ಏಳುವುದೆಲ್ಲಿ? ಮೊದಲಿನ ಪ್ರತಿ ಸ್ವರಕ್ಕೂ ಒಂದು ಅಂಚಿತ್ತು. ಟ ಎಂದು ಬಾಗಿಲು ಬಡಿದು, ಆಮೇಲೆ ಅಂ ಎಂದು ಒಳಗೆ ಬರುತ್ತಿತ್ತು. ಈಗ ಬಾಗಿಲೇ ಇಲ್ಲ. ಎಲ್ಲರೂ ಮೊದಲೇ ಒಳಗಿದ್ದಾರೆ.

"ಇದೇನ ಹೊಟ್ಟಿ ಗುಡಗುಟ್ಟಿದಂಗ ಆಗಾಕತ್ತೈತಲ್ಲ," ಎಂದಳು ಗೌರಕ್ಕ. "ಮೊದ್ಲಿಂದು ಛಲೋ ಇತ್ತು. ಕಾಲು ತಾನs ಅಲಗಾಡತಿತ್ತು."

ಅಬೀದಾ ಕೋಲು ಕೆಳಗಿಟ್ಟು ಒಳಗೆ ಹೋದಳು.

"ಜೋಯಾ, ನಿನಗ ಯಾವುದು ಸೇರತೈತಿ?"

"ನನಗ ಸೇರೂದು ಯಾರಿಗೆ ಬೇಕಾಗೇತಿ?"

"ನನಗ ಬೇಕಾಗೇತಿ. ಹೇಳು."

ಜೋಯಾ ತಂತಿಗಳ ಮೇಲೆ ಅಂಗೈ ಇಟ್ಟಳು. "ಪಿಕ್ ಹಿಡದಾಗ ಕೈ ಕೆಳಗs ಹೋಗತೈತಮ್ಮಾ. ಪ್ರತಿ ಸಲಾನೂ ಕೆಳಗ. ಸಾಕಾಗಿ ಮಣಿಕಟ್ಟು ಉರೀತೈತಿ, ಆದ್ರ ಬಿಡಾಕ ಮನಸಾಗೂದಿಲ್ಲ. ನಾ ಇಲ್ಲಿದ್ದೇನಿ, ನಾ ಇಲ್ಲಿದ್ದೇನಿ ಅಂದಂಗ ಆಗತೈತಿ." ಸ್ವಲ್ಪ ನಾಚಿಕೊಂಡಳು. "ಹೋಗ್ಲಿ ಬಿಡು. ಅದೆಲ್ಲಿ ಬಿತ್ತೋ ಏನೋ. ದೇವರಿಗೂ ಬ್ಯಾಡಾಗಿರಬೇಕು."

ಅಬೀದಾ ಅಂಗಡಿಗೆ ಬಂದು ಮೂಲೆ ಮೂಲೆ ಹುಡುಕಿದಳು, ಮೂಟೆ ಸರಿಸಿದಳು, ಗೌರಕ್ಕನನ್ನೂ ಎಬ್ಬಿಸಿದಳು. ಬಿಲ್ಲೆ ಇರಲಿಲ್ಲ.

"ಅಕ್ಕಾರ, ನಿಮ್ಮ ಗಾದ್ಯಾಗ ಪಿಕ್ ಹೋದಂಗ ಕಾಣತೈತಿ."

"ಹತ್ತಿನೂ ಪೀಕs ಅಂತ ಈಗ ಗೊತ್ತಾತೇನು ನಿನಗ?" ಗೌರಕ್ಕ ಗಾದಿಯ ಮೇಲೆ ಎರಡೂ ಕೈ ಊರಿದಳು. "ಅರಿಶಿಣ ಹಚ್ಚೇನಿ. ಬಿಚ್ಚಾಕ ಬಂದ್ರ ಇದರ ಮ್ಯಾಲs ಮಕ್ಕೊಂಡು ಬಿಡ್ತೇನಿ ನೋಡು."

ನಗುತ್ತಲೇ ಅಬೀದಾ ದಬ್ಬಣಕ್ಕೆ ದಾರ ಪೋಣಿಸಿದಳು. ಉಳಿದದ್ದು ಗಾದಿಯ ಮೈಗೆ ಅಲ್ಲಲ್ಲಿ ಗಂಟು ಹಾಕುವ ಕೆಲಸ. ದಬ್ಬಣ ಇಳಿಸಬೇಕು, ಅಡಿಯಿಂದ ಜಗ್ಗಬೇಕು, ಗಂಟು ಬಿಗಿಯಬೇಕು. ಕೈಗೆ ಕೆಲಸ ಹತ್ತಿದರೆ ಮನಸ್ಸು ಎಲ್ಲಿಗಾದರೂ ಹೋಗಬಹುದು. ಅದು ಅಪ್ಪನ ಹತ್ತಿರ ಹೋಯಿತು.

ಅಪ್ಪ ಗೌಸಸಾಬನಿಗೆ ಯಂತ್ರ ಇರಲಿಲ್ಲ. ಹತ್ತಿ ಹಿಂಜುವ ಆಳೆತ್ತರದ ಬಿಲ್ಲಿತ್ತು, ಅದಕ್ಕೆ ಬಿಗಿದ ಒಂದೇ ಒಂದು ತಂತಿ. ಹತ್ತಿಯ ರಾಶಿಯಲ್ಲಿ ತಂತಿ ಮುಳುಗಿಸಿ ಕಟ್ಟಿಗೆಯ ಕೊಡತಿಯಿಂದ ಹೊಡೆಯುತ್ತಿದ್ದ. ಟಂಯ್! ಹತ್ತಿ ಮೋಡವಾಗಿ ಏಳುತ್ತಿತ್ತು. ಅವನ ಮಣಿಕಟ್ಟೂ ಒಂದೇ ಕಡೆಗೆ ಹೋಗುತ್ತಿತ್ತು. ಓಣಿಗೆ ಪಿಂಜಾರ ಬಂದನೆಂದು ಯಾರೂ ಕೂಗಿ ಹೇಳಬೇಕಿರಲಿಲ್ಲ, ತಂತಿಯೇ ಹೇಳುತ್ತಿತ್ತು. ಹುಡುಗಿ ಅಬೀದಾ ಹತ್ತಿ ಮುಂದೂಡುತ್ತ ಅವನ ಎದುರು ಕೂರುತ್ತಿದ್ದಳು. ಒಮ್ಮೆ ಕೊಡತಿ ಕೇಳಿದ್ದಳು. "ಹೆಣ್ಣಮಕ್ಕಳು ಹೊಲೀತಾರ, ಗಂಡಸರು ಹೊಡೀತಾರ," ಎಂದು ಅಪ್ಪ ನಕ್ಕಿದ್ದ. ಅವನೇನು ಕೆಟ್ಟವನಲ್ಲ, ಓಣಿಯಲ್ಲಿ ಎಲ್ಲರೂ ಹಾಗೇ ಅನ್ನುತ್ತಿದ್ದರು. ಪ್ರತಿ ಶುಕ್ರವಾರ ಅವನು ನಮಾಜಿಗೆ ಹೋದಾಗ ಬಿಲ್ಲು ಗೋಡೆಗೊರಗಿ ನಿಂತಿರುತ್ತಿತ್ತು. ಅಬೀದಾ ಅದರ ಎದುರು ಹೋಗಿ ನಿಲ್ಲುತ್ತಿದ್ದಳು, ನಿಂತು ಬರುತ್ತಿದ್ದಳು. ಮುಟ್ಟಿದವಳಲ್ಲ. ಆಮೇಲೆ ಮದುವೆ, ಯಂತ್ರ, ಗಾದಿ, ಗಂಟು. ಆ ಬಿಲ್ಲು ಈಗ ಇದೇ ಅಂಗಡಿಯ ಅಟ್ಟದ ಮೇಲಿತ್ತು. ತಂತಿ ಸಡಿಲಾಗಿತ್ತು, ಹರಿದಿರಲಿಲ್ಲ.

ಟಕ್.

ದಬ್ಬಣದ ತುದಿ ಗಟ್ಟಿಯಾದದ್ದೇನನ್ನೋ ಬಡಿಯಿತು. ಅಬೀದಾ ಬಟ್ಟೆಯ ಮೇಲಿನಿಂದ ಬೆರಳಾಡಿಸಿದಳು. ಸಣ್ಣದು, ಮೂರು ಮೂಲೆ. ತಲೆ ಎತ್ತಿ ನೋಡಿದಳು. ಗೌರಕ್ಕ ಬಸಿಗೆ ಚಹಾ ಸುರಿದುಕೊಂಡು ಊದುತ್ತಿದ್ದಳು. ಒಳಗೆ ಜೋಯಾ ಬೆರಳಲ್ಲೇ ಬಾರಿಸುತ್ತಿದ್ದಳು, ನಡುನಡುವೆ ನಿಲ್ಲುತ್ತಿದ್ದಳು.

ಬೇರೆ ಪಿಕ್ ಕೊಂಡರೆ ಸಿಗುತ್ತದೆ. ಬೇಡವೆಂದು ಒಗೆದ ಮನಸ್ಸನ್ನು ಯಾವ ಅಂಗಡಿಯಲ್ಲಿ ಕೊಳ್ಳುವುದು? ಹೇಳಿ ತಿಳಿಸುವ ಮಾತೂ ಇದಲ್ಲ. ಪೆಟ್ಟಿನ ದನಿ ಏನೆಂದು ಜೋಯಾಳಿಗೆ ಕೇಳಿಸಬೇಕು.

ಅಬೀದಾ ದಬ್ಬಣವನ್ನು ಕೂದಲೆಳೆಯಷ್ಟು ಪಕ್ಕಕ್ಕೆ ಸರಿಸಿ ಇಳಿಸಿದಳು. ಬಿಲ್ಲೆ ಅತ್ತಿತ್ತ ಜರುಗದಂತೆ ಅದರ ಮಗ್ಗುಲಿಗೇ ಗಂಟು ಹಾಕಿ ಬಿಗಿದಳು. ಅದು ಅಲ್ಲೇ ಇರಲಿ. ಗೌರಕ್ಕನ ಮಗಳ ಗಾದಿಯಲ್ಲಿ ಒಂದು ಟಕ್ ಇದ್ದರೆ ಅವಳಿಗೂ ಕೆಟ್ಟದ್ದೇನಿಲ್ಲ.

ನಾಳೆ ಶುಕ್ರವಾರ. ಫಾರೂಕ ನಮಾಜಿಗೆ ಹೋಗುತ್ತಾನೆ, ಯಂತ್ರ ಸುಮ್ಮನಿರುತ್ತದೆ, ಜೋಯಾ ಒಳಗೆ ಇರುತ್ತಾಳೆ. ಅಟ್ಟಕ್ಕೆ ಏಣಿ ಹಚ್ಚಬೇಕು. ಅಪ್ಪನ ಬಿಲ್ಲಿನ ತಂತಿ ಬಿಗಿಯಬೇಕು. ಕೊಡತಿ ಹಳೆಯ ಟ್ರಂಕಿನ ಹಿಂದೆ ಇದೆ, ಅವಳಿಗೆ ಗೊತ್ತು. ಮೊದಲ ಪೆಟ್ಟು ಬೆಂಗೇರಿಗೆಲ್ಲ ಕೇಳಿಸುವಂತಿರಬೇಕು.

"ಏನವಾ, ಒಬ್ಬಾಕೀನs ನಗಾಕತ್ತೀಯಲ್ಲ?" ಎಂದಳು ಗೌರಕ್ಕ, ಬಸಿಯ ಮೇಲಿಂದ ಕಣ್ಣೆತ್ತಿ. "ಹತ್ತಿ ಬದಲಿ ಮಾಡಿದಿ ಏನು?"

"ಇಲ್ರಿ ಅಕ್ಕಾರ, ಏನಿಲ್ಲ," ಎಂದು ಅಬೀದಾ ಮುಂದಿನ ಗಂಟಿಗೆ ದಬ್ಬಣ ಇಳಿಸಿದಳು.