ಹೊಸ್ತಿಲಿಂದ ತಿರುಗಿ ಹೋದವರ ಬಿಲ್ಲೆ

ಗಡಿಯಾರ ರಿಪೇರಿಗೆ ಹೋಗಿದೆ, ಗೋಡೆಯ ಮೇಲೆ ಬರೀ ಬೋಳು ಮೊಳೆ, ಅದರ ಕೆಳಗೆ ಅವಳ ಪರದೆ, ಮೂಲೆಯಲ್ಲಿ ಹಸಿರು ಚುಕ್ಕೆ, ಕೋಡಿನ ಪರೀಕ್ಷೆಗಳೆಲ್ಲ ಪಾಸು ಎನ್ನುವ ಚುಕ್ಕೆ, ಅದನ್ನು ಕಂಡರೇ ಅವಳಿಗೆ ಅನುಮಾನ — ಆರಿದ ಕಾಫಿ ಎಡಗೈಯಲ್ಲಿ, ಕಣ್ಣು ಇನ್ನೂರ ಹನ್ನೆರಡನೆಯ ಸಾಲಿನಲ್ಲಿ, ನೆಟ್ವರ್ಕಿನ ದತ್ತಾಂಶಕ್ಕೆ ದಾರಿ ತೋರುವ ವರ್ಚುವಲ್ ಸ್ವಿಚ್‌ಗೆ ಬಂದ ಪ್ಯಾಕೆಟ್ ಯಾವ ಸಂಪರ್ಕದ್ದೆಂದು ಪಟ್ಟಿಯಲ್ಲಿ ಹುಡುಕಿ, ಆ ದಾಖಲೆ ಹಿಡಿದವರ ಎಣಿಕೆಗೆ ಒಂದು ಕೂಡಿಸಿ, ದಾಖಲೆಗೆ ಗುರುತು ಅಂಟಿಸಿ, ಕೆಲಸ ಮುಗಿದ ಮೇಲೆ ಒಂದು ಕಳೆಯಬೇಕು, ಎಣಿಕೆ ಸೊನ್ನೆಯಾದರೇ ದಾಖಲೆ ಅಳಿಯುವುದು, ಕೂಡಿಸಿದೆ, ಕಳೆದಿದೆ, ಅವಳು ತಪಾಸಣೆ ಮಾಡಬೇಕಾದ ಈ ಗಡ್ಡದವನ ಕೋಡ್ ಯಾವಾಗಲೂ ಅಚ್ಚುಕಟ್ಟು, ಗಡ್ಡವೊಂದನ್ನು ಬಿಟ್ಟು — ಮೇಡಂ, ಓಕೆ ಅಂದ್ಬಿಡಿ, ಊಟದ ಹೊತ್ತಿನೊಳಗೆ ಕೋಡ್ ಸೇರಿಸ್ಬೇಕು, ಎಂದು ಪಕ್ಕದ ಮೇಜಿನಿಂದ ಅವನೇ, ಹೋದ ವಾರದ ಥರ ಹಗ್ಗ ಕಂಡು ಹಾವು ಅನ್ಬೇಡಿ — ಅವತ್ತು ಎಲ್ಲರೂ ನಕ್ಕಿದ್ದರು, ಅವಳೂ ನಕ್ಕಿದ್ದಳು, ಕಿವಿ ಮಾತ್ರ ಸಂಜೆಯವರೆಗೆ ಬಿಸಿ, ಇನ್ನೊಮ್ಮೆ ತಪ್ಪಿದರೆ ಅವಳ ಮಾತಿಗೆ ಕವಡೆ ಕಿಮ್ಮತ್ತಿಲ್ಲ, ಸುಮ್ಮನಿದ್ದರೆ, ಸುಮ್ಮನಿರುವುದು ಹೇಗೆ, ಈ ಸಾಲು ಚಪ್ಪಲಿಯೊಳಗಿನ ಕಲ್ಲಿನಂತೆ ಒತ್ತುತ್ತಿದೆ — ಅಮ್ಮ ಗ್ರಂಥಾಲಯದ ಬಾಗಿಲಲ್ಲಿ ಕೂರುತ್ತಿದ್ದಳು, ಬೆನ್ನ ಹಿಂದೆ ಹಲಗೆ, ಹಲಗೆಯಲ್ಲಿ ಸಾಲು ಮೊಳೆ, ಮೊಳೆಗೊಂದು ಹಿತ್ತಾಳೆ ಬಿಲ್ಲೆ, ಒಳಗೆ ಹೋಗುವವರಿಗೆ ಒಂದೊಂದು, ಹೊರಬಂದಾಗ ವಾಪಸ್ಸು, ಬಿಲ್ಲೆ ಮುಗಿದರೆ ಪ್ರವೇಶವಿಲ್ಲ, ಒಂದು ಮಧ್ಯಾಹ್ನ ಒಳಗೆ ಅರ್ಧ ಕುರ್ಚಿ ಖಾಲಿ, ಮೊಳೆಗಳೆಲ್ಲ ಬೋಳು, ಹೊರಗೆ ಜನ ಗಿಜಿಗಿಜಿ, ಏನಮ್ಮಾ, ಬಿಲ್ಲೆ ಮಾರ್ಕೊಂಡ್ಯಾ, ಎಂದರು ಸಾಹೇಬರು, ಅಮ್ಮ ಮನೆಗೆ ಬಂದು ಸೊಪ್ಪು ಬಿಡಿಸುತ್ತ ಅಂದಳು, ಒಳಗೆ ಕೂತೋರು ಹೇಗೂ ಕೊಟ್ಟು ಹೋಗ್ತಾರೆ ಮಗಳೇ, ಹೊಸ್ತಿಲಲ್ಲೇ ಮನಸ್ಸು ಬದಲಾಯ್ಸಿ ತಿರುಗಿ ಹೋದೋರ ಜೇಬು ನೋಡ್ಬೇಕು.

ತಿರುಗಿ ಹೋದವರು, ಹೌದು, ಅಲ್ಲೇ ಇದೆ, ದಾಖಲೆಗೆ ಗುರುತು ಅಂಟಿಸಲಾಗದಿದ್ದರೆ ಕೋಡ್ ಅಲ್ಲಿಂದಲೇ ವಾಪಸ್ಸು, ಕಳೆಯುವ ಸಾಲಿನ ಮುಖವನ್ನೂ ನೋಡದೆ, ಬಿಲ್ಲೆ ಜೇಬಿನಲ್ಲೇ, ಪರೀಕ್ಷೆಗಳೋ ಎಲ್ಲ ಒಳಹೊಕ್ಕು ಬಂದ ಸಭ್ಯಸ್ಥರವು, ಹಸಿರಾಗದೆ ಇನ್ನೇನು, ಹೀಗೆ ಸಾಯದ ದಾಖಲೆಗಳಿಂದ ಪಟ್ಟಿ ತುಂಬಿದ ದಿನ ಹೊಸ ಸಂಪರ್ಕಕ್ಕೆ ಬಾಗಿಲು ಬಂದ್ — ಸ್ವಲ್ಪ ತಾಳಪ್ಪ, ಎನ್ನುತ್ತಾಳೆ, ಗುರುತು ಅಂಟಿಸುವುದು ಬೇಕೆಂದೇ ಕೆಡುವಂತೆ ಮಾಡಿ ಒಂದೇ ಒಂದು ಪ್ಯಾಕೆಟ್ ಬಿಡುತ್ತಾಳೆ — ಮತ್ತೆ ಹಾವಾ ಮೇಡಂ — ಈ ಸಲ ಬುಸುಗುಡ್ತಿದೆ, ಬಂದು ನೋಡು — ಕುರ್ಚಿ ಸರಿದ ಸದ್ದು, ಹೆಗಲ ಹಿಂದೆ ಅವನ ಉಸಿರು, ಸಂಪರ್ಕ ಮುಚ್ಚಿದೆ, ದಾಖಲೆ ಹಿಡಿದವರು ಯಾರೂ ಇಲ್ಲ, ಎಣಿಕೆ ಸೊನ್ನೆಯಾಗಬೇಕು, ಪರದೆಯಲ್ಲಿ ಒಂದು, ಅವನು ನಗುವುದಿಲ್ಲ, ಇನ್ನೊಂದ್ಸಲ ಮಾಡಿ, ಎನ್ನುತ್ತಾನೆ, ಮಾಡುತ್ತಾಳೆ, ಮತ್ತೆ ಒಂದು, ಅವಳಿಗೆ ಮೊದಲೇ ಗೊತ್ತು, ಓದುವ ಕೋಣೆಯಲ್ಲಿ ಯಾರೂ ಉಳಿದಿಲ್ಲ, ಕುರ್ಚಿಗಳನ್ನೆಲ್ಲ ಒಳಕ್ಕೆ ತಳ್ಳಿದೆ, ಹಲಗೆಯ ಮೇಲೆ ಅಮ್ಮನ ಬೆರಳು ಒಂದೊಂದೇ ಬಿಲ್ಲೆ ಮುಟ್ಟುತ್ತ ಬಂದು, ನಿಂತು — ಬೋಳು ಮೊಳೆ